ಲ್ಯಾಕ್ಸ್‌ಟನ್‌ನ ಹೊಲಗಳನ್ನು ನೋಡಿ ಬಂದೆ. ನಮ್ಮೂರಿನ ಚರಿತ್ರೆ ಬರೆಯಲು ಎಲ್ಲಿಂದ ಶುರು ಮಾಡಲಿ?

ಕೆರೆಏರಿ, ಸಹಕಾರನಗರ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ನನ್ನ ಮಗ ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸ ಮಾಡುತ್ತಾನೆ. ಹೋದ ನವೆಂಬರ್‌ನಲ್ಲಿ ನಾನು ಅಲ್ಲಿದ್ದೆ. ಎಲ್ಲಿ ಹೊಲ ಕಂಡರೂ ಕಾರು ನಿಲ್ಲಿಸು ಅನ್ನುವವಳು ನಾನು. ಅದು ಗೊತ್ತಿದ್ದ ಅವನು ಲ್ಯಾಕ್ಸ್‌ಟನ್ ಅನ್ನೋ ಹಳ್ಳಿಗೆ ಕರೆದುಕೊಂಡು ಹೋದ. ಸಣ್ಣ ಊರು. ಹಳೇ ಕಲ್ಲಿನ ಚರ್ಚು, ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬ, ಡವ್‌ಕೋಟ್ ಇನ್ ಅನ್ನೋ ಒಂದು ಪಬ್ಬು. ಊರಾಚೆ ಹೋದರೆ ಮಾತ್ರ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಇಂಗ್ಲೆಂಡಿನಲ್ಲಿ ಬೇರೆ ಕಡೆ ಎಲ್ಲ ಹೊಲಕ್ಕೂ ಗಿಡದ ಬೇಲಿ ಇರುತ್ತದಲ್ವಾ? ಇಲ್ಲಿ ಬೇಲಿ ಇಲ್ಲ. ಮೂರು ದೊಡ್ಡ ಬಯಲುಗಳು: ಸೌತ್ ಫೀಲ್ಡ್, ಮಿಲ್ ಫೀಲ್ಡ್, ವೆಸ್ಟ್ ಫೀಲ್ಡ್. ಊರಿನ ರೈತರಿಗೆ ಈ ಮೂರರಲ್ಲೂ ಅಲ್ಲಲ್ಲಿ ಉದ್ದುದ್ದ ಪಟ್ಟಿ ಜಮೀನು. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದಕ್ಕೆ ಬಿಡುವು. ಮುಂದಿನ ವರ್ಷ ಸರದಿ ಬದಲು. ಒಬ್ಬ ರೈತ ತನ್ನ ಪಟ್ಟಿಯಲ್ಲಿ ತನಗೆ ತೋಚಿದ್ದನ್ನು ಹಾಕುವ ಹಾಗಿಲ್ಲ. ಇಡೀ ಬಯಲು ಒಟ್ಟಿಗೆ ನಡೆಯಬೇಕು.

ನಾವು ಹೋದದ್ದು ಅವರ ಜ್ಯೂರಿ ದಿನ. ಊರಿನ ರೈತರಲ್ಲೇ ಹನ್ನೆರಡು ಜನ ಟ್ರ್ಯಾಕ್ಟರಿನ ಹಿಂದಿನ ಟ್ರೈಲರ್ ಹತ್ತಿ ಗೋಧಿ ಬಿತ್ತಿದ ಬಯಲಿಗೆ ಹೊರಟರು. ಯಾರಾದರೂ ದಾರಿಯನ್ನು ಒತ್ತಿ ಉತ್ತಿದ್ದಾರಾ, ಪಕ್ಕದವರ ಪಟ್ಟಿಗೆ ನೇಗಿಲು ಹಾಕಿದ್ದಾರಾ, ಹುಲ್ಲಿಗೆ ಅಂತ ಬಿಟ್ಟ ತಗ್ಗನ್ನು ಕೊರೆದಿದ್ದಾರಾ, ಎಲ್ಲವನ್ನೂ ನಡೆದು ನೋಡುತ್ತಾರೆ. ಎಲ್ಲೆ ಎಲ್ಲಿ ಇರಬೇಕೋ ಅಲ್ಲಿ ಗೂಟ ಹೊಡೆಯುತ್ತಾರೆ. ಒಂದು ವಾರದ ನಂತರ ಅದೇ ಪಬ್ಬಿನಲ್ಲಿ ಕೋರ್ಟ್ ಲೀಟ್ ಅನ್ನೋ ಊರ ನ್ಯಾಯಾಲಯ ಸೇರಿ ತಪ್ಪು ಮಾಡಿದವರಿಗೆ ದಂಡ ಹಾಕುತ್ತದೆ. ತೋರಿಕೆಗೆ ಮಾಡುವ ಆಟ ಅಲ್ಲ ಅದು. ಗೂಟ ಹೊಡೆಯುವಾಗ ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ನೆಲದ ಮೇಲೆ ಇತ್ತು.

ಅಲ್ಲಿನ ಪ್ರದರ್ಶನ ಕೇಂದ್ರದಲ್ಲಿ 1635ರ ನಕ್ಷೆಯ ಬಗ್ಗೆ ತಿಳಿಯಿತು. ಮಾರ್ಕ್ ಪಿಯರ್ಸ್ ಅನ್ನುವವನು ಒಂದೊಂದು ಪಟ್ಟಿಯನ್ನೂ ಅಳೆದು ಬರೆದದ್ದು. ಉಳುವವರು, ಕೊಯ್ಯುವವರು, ಬೇಟೆಯಾಡುವವರು ಎಲ್ಲರನ್ನೂ ಅದರಲ್ಲಿ ಪುಟ್ಟಪುಟ್ಟದಾಗಿ ಬಿಡಿಸಿದ್ದಾನೆ. ಯಾವ ಪಟ್ಟಿ ಯಾರದ್ದು, ಎಷ್ಟು ಎಕರೆ ಅನ್ನುವುದಕ್ಕೆ ಜೊತೆಗೆ ಒಂದು ಪುಸ್ತಕವೂ ಇದೆ. ಮೂಲ ನಕ್ಷೆ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಈಗ ನನ್ನ ವಿಷಯ. ನಮ್ಮೂರು ದೇವನಹಳ್ಳಿ ತಾಲೂಕಿನಲ್ಲಿದೆ. ಅಲ್ಲಿ ಕೆಲವು ಜಮೀನಿನ ವ್ಯಾಜ್ಯಗಳು ನಡೆಯುತ್ತಿವೆ, ಅದಕ್ಕೇ ಹೆಸರು ಹಾಕುತ್ತಿಲ್ಲ. 2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಊರಿನ ಸುತ್ತ ಲೇಔಟ್‌ಗಳು ಎದ್ದಿವೆ. ರಾಗಿ ನಡುವೆ ಅವರೆ, ಹುಚ್ಚೆಳ್ಳು ಅಕ್ಕಡಿ ಹಾಕುತ್ತಿದ್ದ ಹೊಲಗಳಲ್ಲಿ ಸೈಟಿನ ಕಲ್ಲು ನಿಂತಿವೆ. ಕೆರೆಯ ತೂಬು ಹೂತು ಹೋಗಿದೆ. ಗುಂಡುತೋಪಿನಲ್ಲಿ ಕೆಲವೇ ಹುಣಸೆ ಮರ ಉಳಿದಿವೆ. ನಮ್ಮ ಚಿಕ್ಕಪ್ಪನಿಗೆ 84 ವರ್ಷ. ಅವರಿಗೆ ಪ್ರತಿ ಹೊಲದ ಹೆಸರು ಗೊತ್ತು: ಕರೇಕಲ್ ದಿನ್ನೆ, ಮಾವಿನಕುಂಟೆ, ಹುಣಸೇಕಟ್ಟೆ ಹೊಲ, ದೊಡ್ಡ ಹಕ್ಲು. ಅವರ ಮಕ್ಕಳಿಗೆ ಸರ್ವೇ ನಂಬರ್ ಮಾತ್ರ ಗೊತ್ತು. ನನ್ನ ಮಗನಿಗೆ ಅದೂ ಗೊತ್ತಿಲ್ಲ.

ಹೊಲ ಉಳಿಸುವುದು ನನ್ನ ಕೈಯಲ್ಲಿಲ್ಲ. ಆದರೆ ಊರಿನ ನೆಲದ ಚರಿತ್ರೆಯನ್ನು ಬರೆದಿಡಬಹುದು ಅಲ್ವಾ? ಲ್ಯಾಕ್ಸ್‌ಟನ್‌ನಂಥ ಒಂದು ಸಣ್ಣ ಪ್ಯಾರಿಷ್‌ಗೆ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರಿಗೆ, ಅಷ್ಟು ಹಳೆಯ ದಾಖಲೆ ಹೇಗೆ ಉಳಿಯಿತು? ನಮ್ಮ ಕಡೆ ಅಂಥದ್ದು ಏನಿದೆ, ಎಲ್ಲಿ ಸಿಗುತ್ತದೆ? ತಿಳಿದವರು ಹೇಳಿ.

---

ಹಳೇಕಡತ, ಬಸವನಗುಡಿ:

ಮೇಡಂ, ತುಂಬಾ ಒಳ್ಳೆಯ ಪ್ರಶ್ನೆ. ನಾನು ಇತಿಹಾಸದ ಮೇಷ್ಟ್ರು, ಈಗ ನಿವೃತ್ತ. ಇಂಗ್ಲೆಂಡಿನ ಹಳ್ಳಿಗಳ ಚರಿತ್ರೆ ನನಗೆ ಬಹಳ ಇಷ್ಟದ ವಿಷಯ.

ಹಿಂದೆ ಇಂಗ್ಲೆಂಡಿನ ನಡುನಾಡಿನಲ್ಲಿ ಹೆಚ್ಚುಕಡಿಮೆ ಎಲ್ಲ ಹಳ್ಳಿಗಳೂ ಲ್ಯಾಕ್ಸ್‌ಟನ್ ಥರವೇ ಇದ್ದವು. ಆಮೇಲೆ ಬಯಲುಗಳನ್ನು ಹಂಚಿ ಬೇಲಿ ಹಾಕುವ ಕಾಲ ಬಂತು. 1604ರಿಂದ 1914ರವರೆಗೆ ಇದಕ್ಕಾಗಿ ಪಾರ್ಲಿಮೆಂಟು ಪಾಸು ಮಾಡಿದ ಮಸೂದೆಗಳು 5,200ಕ್ಕೂ ಜಾಸ್ತಿ. ಸುಮಾರು 68 ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದರಲ್ಲಿ ಒಂದು ಪಾಲು ನೆಲ, ಹೀಗೆ ಬೇಲಿಯೊಳಗೆ ಹೋಯಿತು. ಲ್ಯಾಕ್ಸ್‌ಟನ್‌ನಲ್ಲೂ ಸ್ವಲ್ಪ ಭಾಗ ಹೋಗಿದೆ. ಉಳಿದದ್ದು ನೀವು ನೋಡಿದ ಮೂರು ಬಯಲು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಜಮೀನಿನ ಒಡೆಯನಾಗಿದ್ದ ಅರ್ಲ್ ಮ್ಯಾನ್ವರ್ಸ್ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿಸಿದ. ಪದ್ಧತಿಯನ್ನು ಮಾತ್ರ ಮುರಿಯಲಿಲ್ಲ. 1952ರಲ್ಲಿ ಆ ಎಸ್ಟೇಟನ್ನು ಸರ್ಕಾರದ ಕೃಷಿ ಸಚಿವಾಲಯವೇ ಕೊಂಡಿತು. 1981ರಲ್ಲಿ ಅದು ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಸಂಸ್ಥೆಗೆ ಹೋಯಿತು. 2020ರಲ್ಲಿ ಮತ್ತೆ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟ್‌ಗೆ ಬಂತು. ಅಂದರೆ ಅದು ತಾನಾಗಿ ಉಳಿಯಲಿಲ್ಲ. ಬೇರೆ ಬೇರೆ ಕಾಲದಲ್ಲಿ ಯಾರಾದರೊಬ್ಬರು ಉಳಿಸಬೇಕು ಅಂತ ತೀರ್ಮಾನ ಮಾಡಿದ್ದಾರೆ.

ದಾಖಲೆ ಹೇಗೆ ಉಳಿಯಿತು ಅಂದರೆ, ಪ್ಯಾರಿಷ್ ಬರೀ ಚರ್ಚಿನ ವ್ಯಾಪ್ತಿ ಆಗಿರಲಿಲ್ಲ. ಊರಿನ ಆಡಳಿತವೂ ಅದೇ ಆಗಿತ್ತು. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಬರೆದಿಡಬೇಕು ಅಂತ ಆಜ್ಞೆ ಹೊರಡಿಸಿದ. 1601ರ ಕಾಯ್ದೆ ಬಡವರನ್ನು ಸಾಕುವ ಹೊಣೆಯನ್ನು ಪ್ಯಾರಿಷ್ ಮೇಲೆ ಹಾಕಿತು. ಅದರ ಖರ್ಚಿನ ಲೆಕ್ಕ ಪುಸ್ತಕಗಳು ಬಂದವು. 1836ರಲ್ಲಿ ಚರ್ಚಿಗೆ ಕೊಡುವ ಹತ್ತರಲ್ಲೊಂದು ಪಾಲನ್ನು ಹಣಕ್ಕೆ ಬದಲಾಯಿಸುವ ಕಾಯ್ದೆ ಆಯಿತು. ಅದಕ್ಕಾಗಿ ಸಾವಿರಾರು ಹಳ್ಳಿಗಳ ನಕ್ಷೆ ತಯಾರಾದವು. ಹಲವು ಕಡೆ ಹೊಲದ ಹೆಸರು, ಒಡೆಯನ ಹೆಸರು, ಗೇಣಿದಾರನ ಹೆಸರು ಎಲ್ಲ ಅದರಲ್ಲಿವೆ. ಈ ಕಡತಗಳಲ್ಲಿ ಬಹುಪಾಲು ಈಗ ಆಯಾ ಕೌಂಟಿಯ (ನಮ್ಮ ಜಿಲ್ಲೆಯ ಥರ) ದಾಖಲೆ ಭಂಡಾರದಲ್ಲಿ ಜೋಪಾನವಾಗಿವೆ. ಒಬ್ಬ ಸಾಮಾನ್ಯ ಕೂಲಿಯವನ ಹೆಸರನ್ನೂ ನಾನೂರು ವರ್ಷ ಹಿಂದಕ್ಕೆ ಹುಡುಕಬಹುದು. ನನಗೆ ಅದಕ್ಕಿಂತ ದೊಡ್ಡ ಸಂಪತ್ತು ಬೇರೆ ಕಾಣುವುದಿಲ್ಲ.

ಬರೆದಿಡುವುದರ ಜೊತೆಗೆ ನಡೆಯುವ ಪದ್ಧತಿಯೂ ಇತ್ತು. ಈಸ್ಟರ್ ಆದ ಐದನೇ ವಾರದ ಹೊತ್ತಿಗೆ ಪಾದ್ರಿ, ಊರಿನ ಹಿರಿಯರು, ಹುಡುಗರು ಎಲ್ಲ ಸೇರಿ ಪ್ಯಾರಿಷ್‌ನ ಗಡಿ ಸುತ್ತುತ್ತಿದ್ದರು. ಗಡಿ ಕಲ್ಲಿಗೆ ಕೋಲಿನಿಂದ ಬಡಿಯುತ್ತಿದ್ದರು. ಹುಡುಗರನ್ನು ಕರೆದೊಯ್ಯುತ್ತಿದ್ದದ್ದು ಬೇಕೆಂದೇ, ಮುಂದೆ ಐವತ್ತು ಅರವತ್ತು ವರ್ಷ ಅವರಿಗೆ ಗಡಿ ನೆನಪಿರಲಿ ಅಂತ.

ನೀವು ಹೇಳಿದ 1635ರ ನಕ್ಷೆಗೂ ನಮ್ಮ ನಾಡಿಗೂ ನಂಟಿದೆ. ಅದನ್ನು ಹೇಳದೆ ಇರಲಾರೆ. ನಕ್ಷೆ ಮಾಡಿಸಿದವನು ಸರ್ ವಿಲಿಯಂ ಕೋರ್ಟನ್. ಆಗ ಲ್ಯಾಕ್ಸ್‌ಟನ್ ಅವನದ್ದು. ಲಂಡನ್ನಿನ ಭಾರಿ ವ್ಯಾಪಾರಿ. ಅದೇ 1635ರಲ್ಲಿ ಒಂದನೇ ಚಾರ್ಲ್ಸ್ ಅವನ ಕೂಟಕ್ಕೆ ಪೂರ್ವ ದೇಶಗಳ ಜೊತೆ ವ್ಯಾಪಾರ ಮಾಡಲು ಅಪ್ಪಣೆ ಕೊಟ್ಟ. ಮರುವರ್ಷ ಜಾನ್ ವೆಡೆಲ್‌ನ ಮುಂದಾಳತ್ವದಲ್ಲಿ ಹಡಗುಗಳು ಹೊರಟವು. ಕೋರ್ಟನ್ 1636ರಲ್ಲೇ ತೀರಿಕೊಂಡ. 1637ರಲ್ಲಿ ಆ ಹಡಗುಗಳು ಭಟ್ಕಳ ಮುಟ್ಟಿದವು. ಅವರ ಜೊತೆಗಿದ್ದ ಪೀಟರ್ ಮಂಡಿ ಅನ್ನೋ ಇಂಗ್ಲಿಷ್ ವ್ಯಾಪಾರಿ ಇಕ್ಕೇರಿಗೂ ಹೋಗಿ ಬಂದ, ಕೆಳದಿಯ ವೀರಭದ್ರ ನಾಯಕನ ಕಾಲದಲ್ಲಿ. 1638ರಲ್ಲಿ ಕಾರವಾರದಲ್ಲಿ ಕೋರ್ಟನ್ ಕೂಟದ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಆಯಿತು. ಎಲ್ಲ ಮೆಣಸಿಗಾಗಿ. ನಾಟಿಂಗ್‌ಹ್ಯಾಮ್‌ಶೈರ್‌ನ ಹೊಲ ಅಳೆಸಿದವನ ದುಡ್ಡೇ ನಮ್ಮ ಕರಾವಳಿಗೆ ಹಡಗು ಕಳಿಸಿದೆ. ಯಾವ ಹಳ್ಳಿಯ ಚರಿತ್ರೆಯೂ ಆ ಹಳ್ಳಿಯ ಗಡಿಯೊಳಗೇ ಮುಗಿಯುವುದಿಲ್ಲ ಮೇಡಂ.

---

ಸರಪಳಿ33, ಯಲಹಂಕ:

ಅಮ್ಮಾ, ನಾನು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದವನು. ನಿಮ್ಮ ತಾಲೂಕಿನಲ್ಲೂ ಸರಪಳಿ ಎಳೆದಿದ್ದೇನೆ. ಜ್ಯೂರಿ ಗೂಟ ಹೊಡೆಯುವುದನ್ನು ಓದಿ ಬಹಳ ಖುಷಿಯಾಯಿತು. ಹದ್ದುಬಸ್ತು, ಅಂದರೆ ಜಮೀನಿನ ಗಡಿ ಗುರುತು, ಮಾಡಿಸಿಕೊಳ್ಳಲು ನಮ್ಮಲ್ಲಿ ಜನ ಅರ್ಜಿ ಹಾಕಿ ಕಾಯುತ್ತಾರೆ. ಅಲ್ಲಿ ಊರವರೇ ವರ್ಷಕ್ಕೊಮ್ಮೆ ಮಾಡಿಕೊಳ್ಳುತ್ತಾರೆ ಅಂದರೆ ಎಂಥ ಒಗ್ಗಟ್ಟು ಇರಬೇಕು.

ಮೇಷ್ಟ್ರು ಹಡಗಿನ ನಂಟು ಹೇಳಿದರು. ನಾನು ಅಳತೆಯ ನಂಟು ಹೇಳುತ್ತೇನೆ. ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ ಮಾಡಿದ ಸರಪಳಿ 66 ಅಡಿ. ನಮ್ಮ ಸರ್ವೇ ಸರಪಳಿ ಅದರ ಸರಿಯಾದ ಅರ್ಧ, 33 ಅಡಿ, ಅದರಲ್ಲಿ 16 ಆಣೆ, ಅಂದರೆ 16 ಸಮ ಭಾಗ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಆ ಎಕರೆ ಬಂದದ್ದು ಲ್ಯಾಕ್ಸ್‌ಟನ್‌ನಂಥ ಬಯಲುಗಳಿಂದಲೇ. 660 ಅಡಿ ಉದ್ದ, 66 ಅಡಿ ಅಗಲದ ಪಟ್ಟಿ, ಎತ್ತು ಕಟ್ಟಿ ಒಂದು ದಿನದಲ್ಲಿ ಉಳಬಹುದಾದಷ್ಟು ನೆಲ. ನಿಮ್ಮ ಚಿಕ್ಕಪ್ಪ ಎರಡು ಎಕರೆ ಹತ್ತು ಗುಂಟೆ ಅಂದರೆ ಅದೇ ಲೆಕ್ಕ.

ಈಗ ಕೆಲಸದ ಮಾತು. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೇ ಶುರುವಾದದ್ದು 1860ರ ದಶಕದಲ್ಲಿ. ಅದರಿಂದ ಹುಟ್ಟಿದ ಮೂರು ಕಾಗದ ನಿಮಗೆ ಬೇಕು. ಮೊದಲನೆಯದು ಗ್ರಾಮ ನಕ್ಷೆ. ಇದು ಸುಲಭವಾಗಿ ಸಿಗುತ್ತದೆ. ಊರಿನ ಗಡಿ, ಗ್ರಾಮಠಾಣ (ಮನೆಗಳಿರುವ ಜಾಗ), ಕೆರೆ, ಹಳ್ಳ, ಬಂಡಿದಾರಿ, ಕಾಲುದಾರಿ ಎಲ್ಲ ಇರುತ್ತವೆ. ಎರಡನೆಯದು ಆಕಾರಬಂದ್. ಪ್ರತಿ ಸರ್ವೇ ನಂಬರಿನ ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ನೆಲ) ಎಷ್ಟು, ಕಂದಾಯ ಎಷ್ಟು ಅಂತ ಇರುತ್ತದೆ. ಮೂರನೆಯದು ಟಿಪ್ಪಣಿ. ನನ್ನ ಮಟ್ಟಿಗೆ ಇದೇ ಚಿನ್ನ. ಮೊದಲು ಅಳೆದ ಸರ್ವೇಯರ್ ಹೊಲದಲ್ಲೇ ನಿಂತು ಕೈಯಲ್ಲಿ ಬರೆದ ಚಿತ್ರ. ಬಾಂದು ಕಲ್ಲು (ಗಡಿ ಕಲ್ಲು) ಎಲ್ಲಿ, ಮೂಲೆಯಿಂದ ಮೂಲೆಗೆ ಎಷ್ಟು ಸರಪಳಿ ಎಷ್ಟು ಆಣೆ, ಎಲ್ಲ ಅದರಲ್ಲಿದೆ. ತಾಲೂಕು ಕಚೇರಿಯ ಸರ್ವೇ ಶಾಖೆಯಲ್ಲಿ ಅರ್ಜಿ ಕೊಟ್ಟು ನಕಲು ಶುಲ್ಕ ಕಟ್ಟಿ. ಅರ್ಜಿಯಲ್ಲಿ ಸರ್ವೇ ನಂಬರ್ ಸರಿಯಾಗಿ ಬರೆಯಿರಿ. ಇಡೀ ಊರಿನದ್ದು ಒಟ್ಟಿಗೆ ಕೇಳಬೇಡಿ, ನಿಮ್ಮ ಮನೆತನದ ನಂಬರುಗಳಿಂದ ಶುರು ಮಾಡಿ.

ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೇ ನಂಬರ್ ತೋರಿಸುತ್ತದೆ. ಗಡಿ ತೀರ್ಮಾನಕ್ಕೆ ಅದನ್ನು ನಂಬಬಾರದು. ಆದರೆ ಚಿಕ್ಕಪ್ಪ ಹೇಳುವ ಹೆಸರನ್ನು ನಂಬರಿನ ಜೊತೆ ಜೋಡಿಸಲು ಸಾಕು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಚಿಕ್ಕಪ್ಪನನ್ನು ಮನೆಯ ಜಗಲಿಯಲ್ಲಿ ಕೂರಿಸಿ ಕೇಳಬೇಡಿ. ಹೊಲಕ್ಕೆ ಕರೆದುಕೊಂಡು ಹೋಗಿ. ನನ್ನ ಅನುಭವದಲ್ಲಿ ಮನೆಯಲ್ಲಿ ಕೂತ ಹಿರಿಯರು ದೊಡ್ಡ ಹೊಲಗಳ ಹೆಸರಷ್ಟೇ ಹೇಳುತ್ತಾರೆ. ಬದುವಿನ ಮೇಲೆ ನಿಂತರೆ ಮಾತು ತಾನೇ ಬರುತ್ತದೆ. ಇಲ್ಲೊಂದು ಹೊಂಗೆ ಮರ ಇತ್ತು, ಅದರ ಕೆಳಗೆ ಬಿತ್ತನೆಗೆ ಮುಂಚೆ ಪೂಜೆ ಮಾಡುತ್ತಿದ್ದೆವು, ಆ ಕಲ್ಲಿನ ಆಚೆ ಪಕ್ಕದ ಊರು, ಈ ಓಣಿಯಲ್ಲಿ ಸಂತೆಗೆ ಹೋಗುತ್ತಿದ್ದೆವು, ಅಂತೆಲ್ಲ. ನಡೆಯಲು ಆಗದಿದ್ದರೆ ಆಟೋದಲ್ಲಿ ಕೂರಿಸಿ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಹೋಗಿ. ರಾಗಿ ಕೊಯ್ಲು ಆದ ಮೇಲೆ, ಡಿಸೆಂಬರ್ ಜನವರಿಯಲ್ಲಿ ಹೊರಡಿ. ಬದು ಚೆನ್ನಾಗಿ ಕಾಣುತ್ತದೆ, ಬಿಸಿಲೂ ಕಮ್ಮಿ.

ಇನ್ನೊಂದು ಎಚ್ಚರಿಕೆ. ಟೇಪು, ಸರಪಳಿ ಏನೂ ಕೈಯಲ್ಲಿ ಹಿಡಿಯಬೇಡಿ. ಅಳತೆ ಸಾಮಾನು ಕಂಡರೆ ಊರವರು ಜಮೀನು ಮಾರಾಟಕ್ಕೆ ಬಂದವರು ಅಂದುಕೊಳ್ಳುತ್ತಾರೆ. ಮೊದಲೇ ಪಂಚಾಯಿತಿಯಲ್ಲಿ ಹೇಳಿಬಿಡಿ. ಯಾರ ಜಮೀನು ಅಂತ ಕೇಳಬೇಡಿ. ಹೊಲದ ಹೆಸರೇನು, ಏನು ಬೆಳೆಯುತ್ತಿದ್ದಿರಿ ಅಂತ ಕೇಳಿ.

---

ಮುದ್ದೆಸಾರು, ದೊಡ್ಡಬಳ್ಳಾಪುರ:

ಅಕ್ಕಾ, ಸರ್ವೇಯರ್ ಸಾಹೇಬರು ಹೇಳಿದ್ದು ಪೂರ್ತಿ ಸರಿ. ನಾನು ಒಂದು ವಿಷಯ ಸೇರಿಸಬೇಕು.

ನಮ್ಮ ಮನೆಯವರಿಗೆ ಜಮೀನು ಇರಲಿಲ್ಲ. ಅಜ್ಜಿ ಜೀವನ ಪೂರ್ತಿ ಬೇರೆಯವರ ಹೊಲದಲ್ಲಿ ಕಳೆ ಕಿತ್ತವರು. ನಮ್ಮೂರಿನ ಆಕಾರಬಂದ್ ಎಷ್ಟು ಹುಡುಕಿದರೂ ಅವರ ಹೆಸರು ಸಿಗುವುದಿಲ್ಲ. ನಕ್ಷೆ ಒಂದನ್ನೇ ಹಿಡಿದು ಹೊರಟರೆ ಊರಿನ ಅರ್ಧ ಜನ ಚರಿತ್ರೆಯಿಂದ ಹೊರಗೆ ಉಳಿಯುತ್ತಾರೆ.

ಇಂಗ್ಲೆಂಡಿನಲ್ಲೂ ಇದೇ ಆಗಿದೆ. ಬಯಲಿಗೆ ಬೇಲಿ ಬಿದ್ದಾಗ ಪಟ್ಟಿ ಇದ್ದವರಿಗೆ ಬದಲಿ ಜಮೀನು ಸಿಕ್ಕಿತು. ಊರ ಹುಲ್ಲುಗಾವಲಲ್ಲಿ ಒಂದು ಹಸು ಮೇಯಿಸಿಕೊಂಡು, ಸೌದೆ ಆರಿಸಿಕೊಂಡು ಬದುಕುತ್ತಿದ್ದ ಬಡವರಲ್ಲಿ ಬಹಳ ಜನಕ್ಕೆ ಏನೂ ಸಿಗಲಿಲ್ಲ. ನಮ್ಮ ಗೋಮಾಳದ ಕಥೆ ನಮಗೆ ಗೊತ್ತೇ ಇದೆ. ಆದರೆ ಮೇಷ್ಟ್ರು ಹೇಳಿದ ಬಡವರ ಲೆಕ್ಕ ಪುಸ್ತಕಗಳಲ್ಲಿ ಯಾವ ವಿಧವೆಗೆ ವಾರಕ್ಕೆ ಎಷ್ಟು ಕೊಟ್ಟರು, ಯಾವ ಮಗುವಿಗೆ ಬೂಟು ಕೊಡಿಸಿದರು ಅಂತ ಬರೆದಿದೆ. ನಮ್ಮ ಕಡೆ ಅಂಥ ಪುಸ್ತಕ ಇಲ್ಲ. ಬಾಯಿಮಾತೇ ಗತಿ.

ಅದಕ್ಕೇ ಚಿಕ್ಕಪ್ಪನ ಜೊತೆ ಇನ್ನೂ ಕೆಲವರನ್ನು ಕರೆದುಕೊಂಡು ಹೋಗಿ. ನಿಮ್ಮೂರಿನಲ್ಲಿ ನೀರಗಂಟಿ ಮನೆಯವರು ಯಾರಾದರೂ ಇದ್ದಾರಾ? ಯಾವ ಗದ್ದೆಗೆ ಯಾವ ಸರದಿಯಲ್ಲಿ ತೂಬಿನ ನೀರು ಬಿಡುತ್ತಿದ್ದರು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಲ್ಯಾಕ್ಸ್‌ಟನ್‌ನಲ್ಲಿ ತಪ್ಪಿಸಿಕೊಂಡ ದನ ಹಿಡಿದು ದೊಡ್ಡಿಗೆ ಹಾಕಲು ಪಿಂಡರ್ ಅಂತ ಒಬ್ಬನನ್ನು ನೇಮಿಸುತ್ತಿದ್ದರಂತೆ. ನಿಮ್ಮೂರಿನ ದನದ ದೊಡ್ಡಿ ಎಲ್ಲಿತ್ತು ಕೇಳಿ. ದನ ಕಾಯಲು ಹೋಗುತ್ತಿದ್ದ ಹೆಣ್ಣುಮಕ್ಕಳನ್ನು ಕೇಳಿ. ಯಾವ ಬಾವಿಯಲ್ಲಿ ಯಾರು ನೀರು ಸೇದಬಹುದಿತ್ತು, ಯಾರು ಸೇದುವ ಹಾಗಿರಲಿಲ್ಲ ಅನ್ನುವುದನ್ನೂ ಮುಚ್ಚಿಡದೆ ಬರೆಯಿರಿ. ಅದೂ ಊರಿನ ನಕ್ಷೆಯೇ.

---

ಕೆರೆಏರಿ, ಸಹಕಾರನಗರ:

ಮೂವರಿಗೂ ಮನಸ್ಸು ತುಂಬಿ ವಂದನೆ. ಕೋರ್ಟನ್ ವಿಷಯ ಓದಿ ಮಗನಿಗೆ ತಕ್ಷಣ ಫೋನ್ ಮಾಡಿದೆ. ಭಟ್ಕಳ ಅಂದ ಕೂಡಲೇ ಅವನಿಗೂ ಆಸಕ್ತಿ ಬಂತು.

ತಮ್ಮಾ, ನೀನು ಹೇಳಿದ ಬಾವಿಯ ಮಾತು ನೇರವಾಗಿ ತಟ್ಟಿತು. ನಮ್ಮೂರಿನಲ್ಲಿ ನೀರಗಂಟಿ ಮನೆಯ ಅಜ್ಜಿ ಒಬ್ಬರು ಇದ್ದಾರೆ. ಅವರನ್ನೂ ಚಿಕ್ಕಪ್ಪನನ್ನೂ ಒಟ್ಟಿಗೆ ಕರೆದುಕೊಂಡು ಹೋಗುತ್ತೇನೆ. ಗ್ರಾಮ ನಕ್ಷೆಗೆ, ನಮ್ಮ ಮನೆಯ ಸರ್ವೇ ನಂಬರುಗಳ ಟಿಪ್ಪಣಿಗೆ ಅರ್ಜಿ ಬರೆದಿಟ್ಟಿದ್ದೇನೆ.

ಇನ್ನೊಂದು ಸಹಾಯ ಬೇಕು. ಕೆರೆ ಏರಿಯ ಪಕ್ಕ ಒಂದು ವೀರಗಲ್ಲು ಇದೆ, ಅರ್ಧ ಮಣ್ಣಿನಲ್ಲಿ ಹೂತಿದೆ. ಮೇಲೆ ಸುಣ್ಣ ಬಳಿದಿದ್ದಾರೆ. ಒಂದೆರಡು ಸಾಲು ಅಕ್ಷರ ಇರುವ ಹಾಗಿದೆ. ಅದನ್ನು ಯಾರಾದರೂ ಮೊದಲೇ ಓದಿದ್ದಾರಾ ಅಂತ ಹೇಗೆ ತಿಳಿಯುವುದು?

---

ಹಳೇಕಡತ, ಬಸವನಗುಡಿ:

ಮೇಡಂ, ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ ನೋಡಿ. 1905ರದ್ದು, ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳು. ತಾಲೂಕುವಾರು ಇದೆ, ದೇವನಹಳ್ಳಿಯೂ ಇದೆ. ಊರಿನ ಹೆಸರು ಹಿಡಿದು ಹುಡುಕಿ. ಹೆಸರಿನ ಕಾಗುಣಿತ ಆಗ ಬೇರೆ ಥರ ಇರುತ್ತಿತ್ತು, ಅಕ್ಕಪಕ್ಕದ ಊರುಗಳನ್ನೂ ನೋಡಿ.

ಅದರಲ್ಲಿ ಇಲ್ಲದಿದ್ದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ಫೋಟೋ ಕಳಿಸಿ. ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಓದುವ ಕೆಲಸವನ್ನು ಅವರು ಕೈಗೆತ್ತಿಕೊಂಡಿದ್ದಾರೆ. ಸುಣ್ಣವನ್ನು ನೀವೇ ಕೆರೆಯಬೇಡಿ, ಅಕ್ಷರ ಹೋಗುತ್ತದೆ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲು ಬಿದ್ದಾಗ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಕಲ್ಲನ್ನು ಮಾತ್ರ ಇದ್ದ ಜಾಗದಿಂದ ಕದಲಿಸಬೇಡಿ.